ಉಪನ್ಯಾಸ ಯಾವ ಕಾಲದ್ದೋ, ಚಹಾದ ಟೇಬಲ್ಲೂ ಆ ಕಾಲದ್ದೇ ಇರಲಿ

ಬ್ರಿಟನ್ನಿನ ಊಟ-ತಿಂಡಿಯ ಇತಿಹಾಸದ ಬಗ್ಗೆ ಆನ್‌ಲೈನ್ ಉಪನ್ಯಾಸ ಕೇಳುವವರಿಗೆ ಒಂದು ಸಲಹೆ. ಸುಮ್ನೆ ಕೂತು ಕೇಳಬೇಡಿ. ವಿಷಯಕ್ಕೆ ಹೊಂದುವ ಆಫ್ಟರ್‌ನೂನ್ ಟೀ, ಅಂದರೆ ಮಧ್ಯಾಹ್ನದ ಚಹಾ-ತಿಂಡಿ, ಜೊತೆಗಿಟ್ಟುಕೊಳ್ಳಿ.

ವಿಕ್ಟೋರಿಯಾ ರಾಣಿಯ ಕಾಲವಾದರೆ ಸ್ಪಂಜ್ ಕೇಕ್ ಸಾಕು. ಎರಡು ಪದರ, ನಡುವೆ ಜಾಮ್, ಮೇಲೆ ಸಕ್ಕರೆ. 1843ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ತಯಾರಿಸಿದರು. ಬೆಣ್ಣೆ ಹಾಕಿದ ಕೇಕ್ ಹಗುರಾಗಿ ಉಬ್ಬುವುದು ಆಮೇಲೆ ಸುಲಭವಾಯಿತು.

ನನಗೆ ಜಾಸ್ತಿ ಇಷ್ಟ ಎರಡನೇ ಮಹಾಯುದ್ಧದ ಟೇಬಲ್. 1940ರ ಜುಲೈನಲ್ಲಿ ಅಲ್ಲಿ ಚಹಾಕ್ಕೂ ರೇಷನ್ ಬಂತು. ಒಬ್ಬರಿಗೆ ವಾರಕ್ಕೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ. ಅಷ್ಟನ್ನೇ ತೂಕ ಮಾಡಿ ತಟ್ಟೆಗೆ ಸುರಿಯಿರಿ. ಬೆರಳಲ್ಲೇ ಏಳು ಗುಡ್ಡೆ ಮಾಡಿ. ಒಂದು ಗುಡ್ಡೆ, ಬರೀ 8 ಗ್ರಾಂ, ಇಡೀ ದಿನಕ್ಕೆ! ಈ ರೇಷನ್ 1952ರವರೆಗೂ ಇತ್ತು ಅಂತ ಉಪನ್ಯಾಸಕರು ಹೇಳಿದಾಗ ಆ ಗುಡ್ಡೆ ಎದುರಿಗೇ ಇದ್ದರೆ ಮಾತು ಬೇರೆಯೇ ಅಲ್ವಾ? ಜೊತೆಗೆ ಕ್ಯಾರೆಟ್ ಹಾಕಿದ ಕೇಕ್ ಮಾಡಿ. ಸಕ್ಕರೆ ಸಾಲದ ಆ ದಿನಗಳಲ್ಲಿ ಸಿಹಿಗೆ ಕ್ಯಾರೆಟ್ಟೇ ನೆರವಾಗುತ್ತಿತ್ತು.

ತಿನ್ನುವುದನ್ನೆಲ್ಲ ಮೊದಲೇ ಜೋಡಿಸಿಡಿ. ಮೈಕ್ ಮಾತ್ರ ಮ್ಯೂಟ್‌ನಲ್ಲಿರಲಿ, ಕಪ್ಪು-ಬಸಿಯ ಸದ್ದು ಎಲ್ಲರಿಗೂ ಕೇಳಿಸುತ್ತದೆ.