ಫೋನಿಗೂ ಬಿಡೋಣ ಅಂತ ಹೊರಟ ಕಥೆ

ನಾವು ಮೂರೇ ಜನ. ಬಸವನಗುಡಿಯಲ್ಲಿ ಒಂದು ಮನೆಯ ಮಹಡಿ ಮೇಲಿನ ರೂಮೇ ನಮ್ಮ ಸ್ಟುಡಿಯೋ. ಗೇಮ್ ಮಾಡುವ ಸಾಫ್ಟ್‌ವೇರ್ ಯೂನಿಟಿಯಲ್ಲಿ ಒಂದು ಪಜಲ್ ಗೇಮ್ ಮಾಡಿ ಪಿಸಿಗೆ ಬಿಡಬೇಕೆಂದಿದ್ದೆವು. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ 100 ಡಾಲರ್ ಕಟ್ಟಬೇಕು, ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್. ಆಂಡ್ರಾಯ್ಡ್‌ಗೂ ಬಿಟ್ಟರೆ ಏನು ಗಂಟು ಹೋಗುತ್ತೆ ಅಂತ ಹಠ ಹಿಡಿದವನು ನಾನೇ. ಯೂನಿಟಿಯಲ್ಲಿ ಪ್ಲಾಟ್‌ಫಾರ್ಮ್ ಬದಲಿಸಿ, ಗೇಮ್ ತಯಾರಿಸಿಕೊಡುವ ಬಿಲ್ಡ್ ಗುಂಡಿ ಒತ್ತಿದರೆ ಆಯ್ತಲ್ವಾ?

ಬಿಲ್ಡ್ ಏನೋ ಆಯಿತು. ಚಿಕ್ಕಮ್ಮನ ಫೋನಿಗೆ ಹಾಕಿಕೊಟ್ಟೆ. ಒಂದು ಗಂಟೆ ಆಡಿದರು. ನಡುವೆ ಯಾರದೋ ಕರೆ ಬಂತು, ಮಾತಾಡಿ ಮುಗಿಸಿ ವಾಪಸ್ ಬಂದರು. "ಏನೋ ಇದು, ಎಲ್ಲಾ ಮೊದಲಿಂದ ಶುರುವಾಗಿದೆ?" ಅಂದರು. ಗೇಮ್ ಮುಚ್ಚುವಾಗ ಸೇವ್ ಮಾಡುವ ಹಾಗೆ ನಾವು ಬರೆದಿದ್ದೆವು. ಪಿಸಿಯಲ್ಲಿ ಅದು ಸರಿ. ಫೋನಿನಲ್ಲಿ ಗೇಮ್ ಹಿಂದೆ ಸರಿದ ಮೇಲೆ ಮೆಮೊರಿ ಸಾಲದಿದ್ದರೆ ಆಂಡ್ರಾಯ್ಡ್ ಅದನ್ನು ಸುಮ್ನೆ ಕೊಂದುಬಿಡುತ್ತದೆ, ಒಂದು ಮಾತೂ ಹೇಳುವುದಿಲ್ಲ. ಪ್ರತಿ ಹೆಜ್ಜೆಗೂ ಸೇವ್ ಆಗುವಂತೆ ಮತ್ತೆ ಬರೆದೆವು. ಒಂದು ವಾರ ಅದಕ್ಕೇ ಹೋಯಿತು.

ಆಮೇಲೆ ಎಸ್‌ಪಿ ರೋಡಿಗೆ ಹೋಗಿ ಐದು ಹಳೇ ಫೋನ್ ತಂದೆ. ಚಿತ್ರ ಬಿಡಿಸುವ ಚಿಪ್ ಒಂದೊಂದರಲ್ಲಿ ಒಂದೊಂದು. ಅಡ್ರೀನೋ ಚಿಪ್ ಇದ್ದ ಫೋನಿನಲ್ಲಿ ಗೇಮಿನ ಕೆರೆಯ ನೀರು ಚೆನ್ನಾಗಿ ಕಾಣುತ್ತಿತ್ತು, ಒಂದು ಮಾಲಿ ಚಿಪ್ಪಿನದರಲ್ಲಿ ಕಪ್ಪು ಹಲಗೆ. ಮತ್ತೊಂದು ಫೋನ್ ಹತ್ತು ನಿಮಿಷ ಚೆನ್ನಾಗಿ ಓಡಿ, ಬಿಸಿಯಾದ ಕೂಡಲೇ ಕುಂಟತೊಡಗಿತು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಏಪ್ರಿಲ್ ಮಧ್ಯಾಹ್ನ, ಶೀಟಿನ ಸೂರಿನ ಕೆಳಗೆ ಆ ಲೆಕ್ಕ ಯಾವ ಫೋನಿಗೂ ಹಿಡಿಸಲಿಲ್ಲ.

ಇವೆಲ್ಲ ಕೋಡಿನ ಮಾತು, ಹೇಗೋ ಸರಿಹೋದವು. ನಿಜಕ್ಕೂ ಸೋತದ್ದು ಸುಳಿವಿನಲ್ಲಿ. ಪಿಸಿಯಲ್ಲಿ ಕಲ್ಲಿನ ಮೇಲೆ ಮೌಸ್ ತಂದು ನಿಲ್ಲಿಸಿದರೆ ಅದು ಮೆಲ್ಲಗೆ ಹೊಳೆಯುತ್ತಿತ್ತು, ಇಡೀ ಪಜಲ್ ನಿಂತಿದ್ದೇ ಅದರ ಮೇಲೆ. ಫೋನಿನಲ್ಲಿ ಬೆರಳು ಒಂದೋ ಒತ್ತುತ್ತದೆ, ಇಲ್ಲ ಒತ್ತುವುದಿಲ್ಲ. ಜೊತೆಗೆ ನೋಡಬೇಕಾದ ಕಲ್ಲನ್ನೇ ಮುಚ್ಚಿಬಿಡುತ್ತದೆ. ಸುಳಿವಿಗೆ ಒಂದು ಗುಂಡಿ ಇಟ್ಟೆವು. ಗೇಮ್ ಆಡಬಹುದಾಗಿತ್ತು, ಮಜಾ ಮಾತ್ರ ಹೋಗಿತ್ತು.

ದೊಡ್ಡ ಸ್ಟುಡಿಯೋದವರಿಗೂ ಇದು ತಪ್ಪಿದ್ದಲ್ಲ. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ಗೇಮ್ ಆಗಸ್ಟ್‌ನಲ್ಲೇ ಪಿಸಿಗೆ ಬಂದರೂ ಎಕ್ಸ್‌ಬಾಕ್ಸ್ ಎಂಬ ಗೇಮ್ ಯಂತ್ರಕ್ಕೆ ಬರಲು ಡಿಸೆಂಬರ್ ಆಯಿತು. ಅದರ ಕಡಿಮೆ ಮೆಮೊರಿಯ ಮಾದರಿ ಸೀರೀಸ್ ಎಸ್‌ನಲ್ಲಿ, ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯ ಸರಿಯಾಗಿ ಓಡಲಿಲ್ಲ. ಕೊನೆಗೆ ಅದರಲ್ಲಿ ಆ ಸೌಲಭ್ಯ ಬಿಟ್ಟೇ ಗೇಮ್ ಬಂತು. ಅವರ ಹತ್ತಿರ ನೂರಾರು ಜನ ಇದ್ದಾರೆ, ಕಾಯಬಲ್ಲರು.

ಬಿಡುಗಡೆ ಆದ ಮೇಲೂ ಖರ್ಚು ನಿಲ್ಲಲಿಲ್ಲ. ಒಂದು ಸಣ್ಣ ತಪ್ಪು ತಿದ್ದಿದರೂ ಪಿಸಿ ಮತ್ತು ಐದೂ ಫೋನ್ ಪರೀಕ್ಷಿಸಬೇಕು, ಒಂದು ದಿನ ಹೋಯಿತು. ಮೇಲಿಂದ ಹೊಸ ಆಂಡ್ರಾಯ್ಡ್ ಬಂದಂತೆಲ್ಲ ಪ್ಲೇ ಸ್ಟೋರಿನ ನಿಯಮಕ್ಕೆ ತಕ್ಕಂತೆ ಗೇಮನ್ನೂ ಏರಿಸುತ್ತಿರಬೇಕು. ಮೂರು ಜನರಲ್ಲಿ ಒಬ್ಬ ಅದಕ್ಕೇ ಮೀಸಲಾದ. ಆರು ತಿಂಗಳಿಗೆ ಫೋನಿನದನ್ನು ಸ್ಟೋರಿನಿಂದ ಇಳಿಸಿದೆವು.

ಈಗಿನ ಗೇಮ್ ಪಿಸಿಗೆ ಮಾತ್ರ. ಆದರೆ ಮೊದಲ ದಿನದಿಂದಲೂ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನ 1280×800 ಪರದೆಯಲ್ಲಿ, ಮೌಸ್ ಇಲ್ಲದೆ ಕಂಟ್ರೋಲರ್‌ನಲ್ಲೇ ಆಡಿ ನೋಡುತ್ತಿದ್ದೇವೆ. ಮೌಸ್ ಇದ್ದರೆ ಮಾತ್ರ ನಡೆಯುವ ಪಜಲ್ ಯಾವುದಾದರೂ ಬಂದರೆ ಅದು ಕಾಗದದ ಮೇಲೇ ಉಳಿಯುತ್ತದೆ. ಐದು ಫೋನುಗಳಲ್ಲಿ ಒಂದನ್ನು ಚಿಕ್ಕಮ್ಮನೇ ತೆಗೆದುಕೊಂಡರು, ಕಪ್ಪು ಕೆರೆ ಕಾಣುತ್ತಿದ್ದದ್ದು.