ಜಾನ್ಸನ್ ಅವರ ಫೋನ್ ಕರೆಗಳನ್ನು ನಾನು ಕೇಳಿದ ಬಗೆ

ಡಿಗ್ರಿ ಮಕ್ಕಳಿಗೆ ವಿಯೆಟ್ನಾಂ ಯುದ್ಧದ ಪಾಠವನ್ನು ವರ್ಷವರ್ಷವೂ ಅದೇ ನೋಟ್ಸ್ ಇಟ್ಟುಕೊಂಡು ಮಾಡುತ್ತಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಗುಟ್ಟಾಗಿ ರೆಕಾರ್ಡ್ ಮಾಡಿಸಿಟ್ಟಿದ್ದ ಫೋನ್ ಮಾತುಕತೆ ಕೇಳಲು ಕೂತೆ. ತಾವು ತೀರಿಕೊಂಡು 50 ವರ್ಷ ಕಳೆಯುವವರೆಗೆ ಇವು ಹೊರಬರಬಾರದು ಎಂಬುದು ಅವರ ಇಚ್ಛೆಯಾಗಿತ್ತು. ಆದರೆ 1993ರಿಂದಲೇ ಬಿಡುಗಡೆ ಶುರುವಾಯಿತು.

ಒಟ್ಟು 600 ಗಂಟೆಗೂ ಹೆಚ್ಚು. ಎಲ್ಲವನ್ನೂ ಕೇಳುವ ಆಸೆ ಬಿಟ್ಟು ಒಬ್ಬರನ್ನೇ ಹಿಡಿದೆ: ಜಾರ್ಜಿಯಾದ ಸೆನೆಟರ್ ರಿಚರ್ಡ್ ರಸೆಲ್. ರಾಜಕೀಯದಲ್ಲಿ ಜಾನ್ಸನ್‌ಗೆ ಗುರುವಿನಂಥವರು. ಮೊದಲು ಲಿಖಿತ ಪ್ರತಿ ನೋಡದೆ ಕೇಳುತ್ತಿದ್ದೆ, ಎಲ್ಲಿ ಮಾತು ನಿಂತಿತು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಓದುವುದು ಆಮೇಲೆ. ಈ ಕ್ರಮ ತಪ್ಪಿಸಬೇಡಿ. ಕಾಗದದ ಮೇಲೆ ಸಿಟ್ಟಿನಂತೆ ಕಾಣುವ ಮಾತು ಕಿವಿಗೆ ಬರೀ ದಣಿವಾಗಿ ಕೇಳಿಸುತ್ತದೆ.

1963ರ ನವೆಂಬರ್ 29ರ ಕರೆಯಲ್ಲಿ ಜಾನ್ಸನ್ ಗುರುವನ್ನೇ ಕಟ್ಟಿಹಾಕುತ್ತಾರೆ. ಕೆನೆಡಿ ಹತ್ಯೆಯ ತನಿಖಾ ಆಯೋಗಕ್ಕೆ ನಾನು ಬರಲಾರೆ, ಅದರ ಮುಖ್ಯಸ್ಥರಾದ ಮುಖ್ಯ ನ್ಯಾಯಮೂರ್ತಿ ವಾರನ್ ಜೊತೆ ಕೂರಲಾರೆ ಎನ್ನುತ್ತಾರೆ ರಸೆಲ್. ಹೆಸರು ಆಗಲೇ ಪ್ರಕಟಿಸಿಯಾಗಿದೆ ಎಂಬುದು ಜಾನ್ಸನ್ ಉತ್ತರ.

ಆರು ತಿಂಗಳ ನಂತರ, 1964ರ ಮೇ 27ರಂದು, ಅದೇ ಜಾನ್ಸನ್ ವಿಯೆಟ್ನಾಂ ಬಗ್ಗೆ ಏನು ಮಾಡಲಿ ಎಂದು ಅದೇ ರಸೆಲ್‌ರನ್ನು ಕೇಳುತ್ತಾರೆ. ಜಾನ್ಸನ್ ತಮ್ಮ ಮನೆಯಲ್ಲಿ ಕೆಲಸಕ್ಕಿರುವ ಒಬ್ಬ ಸಾರ್ಜೆಂಟ್ ವಿಷಯ ತೆಗೆಯುತ್ತಾರೆ. ಅವನಿಗೆ ಆರು ಮಕ್ಕಳು. ಸೈನ್ಯ ಕಳಿಸುವ ಯೋಚನೆ ಬಂದಾಗಲೆಲ್ಲ ಅವನೇ ಕಣ್ಮುಂದೆ ನಿಲ್ಲುತ್ತಾನೆ, ಅವನನ್ನು ಕಳಿಸಿ ನಮಗೇನು ಸಿಗುತ್ತದೆ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನನ್ನ ಪೆನ್ನು ಮುಂದೆ ಓಡಲಿಲ್ಲ.

ಟೇಪ್ ಓಡುತ್ತಿರುವುದು ಜಾನ್ಸನ್‌ಗೆ ಗೊತ್ತಿತ್ತು. ಹಾಗಾಗಿ ಅವರ ಒಂದೊಂದು ಮಾತನ್ನೂ ಆಮೇಲಿನ ನಡೆಯ ಜೊತೆ ಒರೆಗೆ ಹಚ್ಚಿದೆ. ಆ ಅಳುಕು ನಿಜವೇ ಇರಬೇಕು ಎಂದು ನನಗನಿಸುತ್ತದೆ. ಆದರೂ 1965ರ ಮಾರ್ಚ್‌ನಲ್ಲಿ ಅಮೆರಿಕದ ಮೆರೀನ್ ಪಡೆ ದಕ್ಷಿಣ ವಿಯೆಟ್ನಾಂನ ದಾ ನಾಂಗ್‌ನಲ್ಲಿ ಇಳಿಯಿತು. ಯುದ್ಧ ಮುಗಿಯುವಷ್ಟರಲ್ಲಿ ಸತ್ತ ಅಮೆರಿಕನ್ನರೇ 58,000ಕ್ಕೂ ಹೆಚ್ಚು. ವಿಯೆಟ್ನಾಮಿಯರ ಲೆಕ್ಕ ಲಕ್ಷಗಳಲ್ಲಿ.

ಈಗ ತರಗತಿಯಲ್ಲಿ ಸಾರ್ಜೆಂಟ್ ಮಾತಿನ ಭಾಗ ಕೇಳಿಸಿ, ಬೋರ್ಡಿನ ಮೇಲೆ 1964ರ ಮೇ, 1965ರ ಮಾರ್ಚ್ ಎಂದು ಎರಡು ತಾರೀಖು ಬರೆಯುತ್ತೇನೆ. "ಸರ್, ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಕಳಿಸಿದ್ರು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಅದೇ ಕರೆಯ ಇನ್ನೊಂದು ತುಣುಕು ಹಾಕುತ್ತೇನೆ: ಅಲ್ಲಿಂದ ಓಡಿಬಂದ ಅಧ್ಯಕ್ಷನನ್ನು ಮಹಾಭಿಯೋಗ ಹೂಡಿ ಕಿತ್ತುಹಾಕುತ್ತಾರಲ್ಲವೇ ಎಂದು ಜಾನ್ಸನ್ ಗುರುವನ್ನು ಕೇಳುತ್ತಿರುತ್ತಾರೆ.