ಶುಗರ್, ಜ್ಯಾಗರಿ: ಬೇರು ಹಿಡಿದದ್ದು ಹೀಗೆ

ಇಂಗ್ಲಿಷಿನ ಶುಗರ್, ಜ್ಯಾಗರಿ ಎರಡೂ ಪದ ಒಂದೇ ಬೇರಿನವು ಅಂದಾಗ ಮುಧೋಳದ ನನ್ನ ಗೆಳೆಯರು ಒಪ್ಪಲೇ ಇಲ್ಲ. ‘ಸರ, ಸಕ್ರಿ ಬ್ಯಾರೆ, ಬೆಲ್ಲ ಬ್ಯಾರೆ. ಹೆಸರ್ ಹೆಂಗ ಒಂದಾಗ್ತಾವ್ರಿ?’ ಅಂದರು. ಈಗ ಅವರೇ ಪದಗಳ ಮೂಲ ಬರೆದಿಟ್ಟ ನನ್ನ ಚೀಟಿಗಳನ್ನು ಝೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ.

ಈ ಹುಡುಕಾಟದ ಮೊದಲ ವರ್ಷ ದಂಡ. ಸದ್ದಿನ ಹೋಲಿಕೆ ನಂಬಿ, ಜ್ಯಾಗರಿಯನ್ನು ನಮ್ಮ ‘ಜಿಗಟು’ಗೆ ಗಂಟುಹಾಕಿ ಹತ್ತು ಪುಟ ಬರೆದು ಹರಿದೆ. ಕ್ಯಾಂಡಿ ಇನ್ನೂ ಕಾಡಿತು. ಇಂಗ್ಲಿಷಿನಲ್ಲಿ ಅದು ಎರಡಿದೆ. ಮಿಠಾಯಿಯದು ಸಂಸ್ಕೃತದ ಖಂಡ, ಪಾರಸಿಯ ಕಂದ್, ಅರಬ್ಬಿಯ ಕಂದೀ ಹಾದಿಯದು; ಇನ್ನೊಂದು ಹಳೇ ತೂಕ, ಮರಾಠಿಯ ಖಂಡಿ. ಎರಡರ ಚೀಟಿ ಕಲಸಿಹೋಗಿ ನಾಲ್ಕು ತಿಂಗಳು ಹೋಯಿತು.

ಖರ್ಚು ಸುಮಾರು 11,000 ರೂಪಾಯಿ ಆಗಿರಬೇಕು. ಕಿಟೆಲ್ ಕೋಶ, 1886ರ ಹಾಬ್ಸನ್-ಜಾಬ್ಸನ್ (ಭಾರತದಲ್ಲಿದ್ದ ಇಂಗ್ಲಿಷರು ಬಳಸುತ್ತಿದ್ದ ಪದಗಳ ಕೋಶ), ಎರಡರ ಮರುಮುದ್ರಣ. ಉಳಿದದ್ದು ಧಾರವಾಡದ ಬಸ್ಸಿಗೆ. ಒಂದು ಗ್ರಂಥಾಲಯದಲ್ಲಿ ಪುಸ್ತಕ ಕಪಾಟಿನಲ್ಲಿ ಕಾಣುತ್ತಿದ್ದರೂ ಕೊಡಲಿಲ್ಲ. ಮೂರು ಸಲ ಬರಿಗೈಲಿ ಬಂದೆ. ಆ ಸಿಟ್ಟು ಇನ್ನೂ ಇದೆ.

ಸದ್ದು ಬಿಟ್ಟು ಸರಕಿನ ಬೆನ್ನು ಹತ್ತಿದ ಮೇಲೆ ದಾರಿ ತೆರೆಯಿತು. ಮಾಲು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಕೇಳಬೇಕು. ಶುಗರ್ ಅರಬರ ಕೈಯಿಂದ ಹೋದದ್ದು: ಸಂಸ್ಕೃತದ ಶರ್ಕರಾ, ಪಾರಸಿ ಶಕರ್, ಅರಬ್ಬಿ ಸುಕ್ಕರ್, ಲ್ಯಾಟಿನ್, ಹಳೇ ಫ್ರೆಂಚ್, 13ನೇ ಶತಮಾನದ ಕೊನೆಗೆ ಇಂಗ್ಲಿಷ್. ಜ್ಯಾಗರಿ ಪಡುವಣ ಕರಾವಳಿಯದು: ಅದೇ ಶರ್ಕರಾ ಮಲಯಾಳದಲ್ಲಿ ಚಕ್ಕರ, ಪೋರ್ಚುಗೀಸರ ಬಾಯಲ್ಲಿ ಜಾಗರ, 16ನೇ ಶತಮಾನದ ಕೊನೆಗೆ ಇಂಗ್ಲಿಷ್. ಒಂದೇ ಮಾತು ಮುನ್ನೂರು ವರ್ಷದ ಅಂತರದಲ್ಲಿ ಎರಡು ಬಾಗಿಲಿಂದ ಹೊಕ್ಕಿದೆ!

ಅರ್ಥದ ತೊಡಕು ಉಳಿದಿತ್ತು. ಶರ್ಕರಾ ಅಂದರೆ ಮೊದಲು ಜಲ್ಲಿ, ಹರಳು. ಆಯುರ್ವೇದದಲ್ಲಿ ಮೂತ್ರದ ಹರಳಿಗೂ ಅದೇ ಹೆಸರು. ಸಿಹಿಗೆ ಯಾಕೆ ಬಂತು? ಮಹಾಲಿಂಗಪುರದ ಹತ್ತಿರದ ಕಬ್ಬಿನ ಗಾಣದಿಂದ ಎರಡು ಲೀಟರ್ ಕಾಕಂಬಿ (ಜೋನಿಬೆಲ್ಲ) ತಂದು ಗಡಿಗೆಯಲ್ಲಿಟ್ಟೆ. ಮೊದಲ ಸಲದ್ದು ಹುಳಿ ಬಂತು. ಎರಡನೆಯ ಸಲದ್ದನ್ನು ಹದಿನೈದು ದಿನಕ್ಕೆ ಬಗ್ಗಿಸಿದರೆ ತಳದಲ್ಲಿ ಹರಳು. ಬೆರಳಲ್ಲಿ ತಿಕ್ಕಿದೆ, ಥೇಟ್ ಘಟಪ್ರಭೆಯ ಮರಳು. ಗಾಣದವರಿಗೆ ಒಯ್ದು ತೋರಿಸಿದೆ. ‘ಇದಕ್ಕ ಕಲ್ಲ ಅನ್ನದ ಇನ್ನೇನ್ ಅಂತಾರ್ರೀ ಸರ’ ಅಂದರು. ಕಲ್ಲುಸಕ್ಕರೆ ಅಂತ ನಾವು ಅನ್ನುತ್ತಲೇ ಇದ್ದೇವಲ್ಲ!

ಇದೇ ಹಾದಿಯಲ್ಲಿ ಮ್ಯಾಂಗೋ ಎರಡೇ ಸಂಜೆಗೆ ಮುಗಿಯಿತು: ಮಲಯಾಳದ ಮಾಂಗ, ಪೋರ್ಚುಗೀಸರ ಮಾಂಗ, ಇಂಗ್ಲಿಷ್. ಕಾಲ ಗೊತ್ತುಮಾಡಲು ನಾನು ಮೊದಲು ತೆಗೆಯುವ ಪಟ್ಟಿಯೊಂದಿದೆ. ಅದನ್ನು ಸದ್ಯಕ್ಕೆ ಕೊಡುವುದಿಲ್ಲ, ಕೈಯಲ್ಲಿ ಇನ್ನೂ ಆರು ಪದಗಳಿವೆ.